ಚೀಟಿಯಿಲ್ಲದ ಎರಡು ಜಾಡಿಗಳು

ಆಷಾಢ ಮುಗಿಯುತ್ತ ಬಂದರೂ ಮಳೆ ಮುಗಿಯುವ ಲಕ್ಷಣ ಕಾಣುತ್ತಿರಲಿಲ್ಲ. ಅದಿರಿನ ಲಾರಿಗಳು ಮಳೆಗಾಲಕ್ಕೆಂದು ನಿಂತುಹೋಗಿದ್ದವು. ಗೋವೆಯ ಸಾಂಖಳಿಯ ಆಚೆಯ ಗುಡ್ಡದ ರಸ್ತೆಯಲ್ಲಿ ಧೂಳಿನ ಬದಲು ಈಗ ಕೆಂಪು ಕೆಸರು.

ಗುಡ್ಡದ ಮೇಲೆ ಒಂದು ಸಣ್ಣ ಡಾಕ್ಟರಿ ಕಾಲೇಜು. ಹುಡುಗರಿಗೆ ರಜೆ. ಕೆಳಗಿನ ಅಂತಸ್ತಿನ ಉದ್ದ ಕೋಣೆಯಲ್ಲಿ ಮಾತ್ರ ಕೆಲಸ ನಡೆದಿತ್ತು. ಆ ಕೋಣೆಯ ಗೋಡೆಯುದ್ದಕ್ಕೂ ಗಾಜಿನ ಜಾಡಿಗಳು. ಒಂದರಲ್ಲಿ ಹೃದಯ, ಒಂದರಲ್ಲಿ ಕರುಳು, ಇನ್ನೊಂದರಲ್ಲಿ ಮೊಣಕೈವರೆಗಿನ ಒಂದು ಕೈ... ಹುಡುಗರು ನೋಡಿ ಕಲಿಯಲೆಂದು ಸತ್ತವರ ದೇಹದಿಂದ ತೆಗೆದು, ಕೆಡದಂತೆ ಔಷಧಿ ನೀರಿನಲ್ಲಿ ಮುಳುಗಿಸಿ ಇಟ್ಟದ್ದು.

ಅಲ್ಲಿ ಹೆಣ ಎತ್ತಿಡುವ, ಜಾಡಿ ನೋಡಿಕೊಳ್ಳುವ ಆಳು ಗುರುಲಿಂಗ ಡ್ರಮ್ಮಿನಿಂದ ಔಷಧಿ ತೆಗೆದು, ಕಡಿಮೆಯಾದ ಜಾಡಿಗಳಿಗೆ ತುಂಬುತ್ತಿದ್ದ. ಅಷ್ಟರಲ್ಲಿ ಬಾಗಿಲು ಕಿರ್‌ ಎಂದಿತು.

ಕಸಬರಿಗೆ, ಬಕೀಟು ಹಿಡಿದ ಹುಡುಗಿಯೊಬ್ಬಳು ಹೊಸ್ತಿಲಲ್ಲಿ ನಿಂತಿದ್ದಳು. ಎರಡು ಹೆಜ್ಜೆ ಒಳಗೆ ಬಂದಳು. ಮೂಗಿಗೆ ಸೆರಗು ಒತ್ತಿ, "ಅಯ್ಯ ಶಿವನ!" ಎಂದಳು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು.

ತನ್ನೂರ ಕಡೆಯ ಮಾತು ಕೇಳಿ ಗುರುಲಿಂಗ ತಟ್ಟನೆ ತಿರುಗಿದ.

"ಅಳಬ್ಯಾಡ್ರಿ!"

"ನಾ ಎಲ್ಲಿ ಅಳಾಕತ್ತೀನಿ?"

"ಮತ್ತ ಕಣ್ಣಾಗ ನೀರು?"

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಅದು ಔಷಧಿ ಖಾರ ರೀ. ಇಲ್ಲಿ ಬಂದಾವ್ರೆಲ್ಲಾ ಅಳತಾರ. ದೊಡ್ಡ ದೊಡ್ಡ ಡಾಕ್ಟರ್ರೂ ಅಳತಾರ. ಕಿಡಕಿ ಹತ್ರ ನಿಂದರ್ರಿ, ಸ್ವಲ್ಪ ಗಾಳಿ ಬರತೈತಿ. ಯಾವೂರ್ರಿ?"

"ಇಂಡಿ ಕಡೇದ್ರಿ. ನಂದಾ ಅಂತ."

"ನಮ್ದು ಸಿಂದಗಿ! ಅಂದ್ರ ಮಗ್ಗಲ ಊರಾತು ಬಿಡ್ರಿ."

ಅವನು ನಕ್ಕ. ನಂದಾ ನಗಲಿಲ್ಲ. ಅವಳ ಕಣ್ಣೀರು ಪೂರ್ತಿ ಔಷಧಿಯದಾಗಿರಲಿಲ್ಲ.

ಗುತ್ತಿಗೆದಾರ ಅವಳಿಗೆ ಈ ಕೆಲಸ ಕೊಟ್ಟ ಸುದ್ದಿ ಆಗಲೇ ಓಣಿ ತುಂಬ ಹಬ್ಬಿತ್ತು. ಆ ಬೆಳಿಗ್ಗೆ ನಳದ ಹತ್ತಿರ ಅವಳು ಕೊಡ ಇಟ್ಟಾಗ ಓಣಿಯ ಭೂರಿಬಾಯಿ ತನ್ನ ಕೊಡವನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಿದ್ದಳು. "ಹೆಣದ ಮನ್ಯಾಗ ದುಡಿಯೂ ಕೈಲೆ ಮದಲ ನಳಾ ಮುಟ್ಟಬ್ಯಾಡವ್ವಾ. ಎಲ್ಲಾರೂ ತುಂಬಲಿ, ಕಡೀಕ ನೀ ತುಂಬಕೋ."

ನಂದಾಳಿಗೆ ತಾಯಿ ಇಲ್ಲ. ತಂದೆ ಅಮೀನಪ್ಪ ದೂರದ ಕೊರ್ಲಿಮ್‌ನ ಕಾರ್ಖಾನೆಯೊಂದರ ಕಾವಲುಗಾರ. ಅಲ್ಲಿಯೇ ಮಲಗುತ್ತಾನೆ, ರಜೆ ಸಿಕ್ಕರೆ ಬರುತ್ತಾನೆ. ಹೊಸದಾಗಿ ಹಿಡಿದ ಬಾಡಿಗೆಯ ಒಂಟಿ ಕೋಣೆಯಲ್ಲಿ ನಂದಾ ಎರಡು ರೊಟ್ಟಿ ಬಡಿಯುತ್ತಾಳೆ. ಒಂದನ್ನು ತಿನ್ನುತ್ತಾಳೆ. ಇನ್ನೊಂದು ಯಾರಿಗೆಂದು ತಿಳಿಯದೆ ಮುಚ್ಚಿಡುತ್ತಾಳೆ.

*ಇಲ್ಲಿ ಎಷ್ಟು ಅತ್ತರೂ ಯಾರಿಗೂ ತಿಳಿಯೂದಿಲ್ಲ... ಚಲೋ ಜಾಗಾ!* ಎಂದುಕೊಂಡು ಅವಳು ಕಸಬರಿಗೆ ಹಿಡಿದಳು.

ಅಂದು ಸಂಜೆ ನಳದ ಸಾಲಿನಲ್ಲಿ ಅವಳಿಗೆ ಗುರುಲಿಂಗ ಕಂಡ! ಅವನ ಕೋಣೆ ಇದೇ ಓಣಿಯ ಮೇಲಿನ ಸಾಲಿನಲ್ಲಿದೆಯಂತೆ. ಗುರುತಿನವರು ಸಿಕ್ಕ ಖುಷಿಗೆ ನಂದಾ ನಕ್ಕಳು.

ಅವನು ತನ್ನ ಕೊಡದೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡತೊಡಗಿದ.

"ಆಫೀಸಿನ ಪ್ಯೂನ್ ಸಾಹೇಬ್ರು ಬಂದ್ರು, ದಾರಿ ಬಿಡ್ರಿ!" ಎಂದು ಭೂರಿಬಾಯಿ ನಗೆಯಾಡಿದಳು. ಅವನಿಗೆ ಜಾಗ ಸಿಕ್ಕಿತು. ಅವನು ತುಂಬಿಕೊಂಡು ಹೋದ.

ನಂದಾಳಿಗೆ ಎಲ್ಲ ಅರ್ಥವಾಯಿತು. ಅವಳು ಯಾರಿಗೂ ಏನೂ ಹೇಳಲಿಲ್ಲ.

ಮರುದಿನ ಅವನು ಜಾಡಿ ಒರೆಸುತ್ತ, ಗೋಡೆಗೆ ಹೇಳುವಂತೆ ಹೇಳಿದ. "ನಿನ್ನೆ ನೀವು ಬಾಯಿ ಬಿಡಲಿಲ್ಲ..."

"ನಾ ಯಾಕ ಬಿಡ್ಲಿ? ನಿಮ್ಮ ಸುದ್ದಿ ನಿಮ್ದು."

"ಊರಾಗ ನಮ್ಮವ್ವಗೂ ಆಫೀಸಿನ ಕೆಲಸ ಅಂತ ಹೇಳೀನ್ರಿ. ಆಕಿಗೆ ಗೊತ್ತಾದ್ರ ನನ್ನ ಕೈಯಾಗ ನೀರೂ ಕುಡಿಯಂಗಿಲ್ಲ." ಬಟ್ಟೆ ಹಿಂಡುತ್ತ, "ನಿಮ್ಮಷ್ಟು ಧೈರ್ಯ ನನಗಿಲ್ರಿ" ಎಂದ.

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಂಥ ಮಾತನ್ನು ಅಷ್ಟು ಸರಳವಾಗಿ ಒಪ್ಪಿಕೊಂಡ ಗಂಡಸನ್ನು ಅವಳು ಈವರೆಗೆ ನೋಡಿರಲಿಲ್ಲ.

ಹಾಗೆ ದಿನ ಕಳೆದವು. ಕೋಣೆಯ ಒಳಗೆ ಅವನು ಬೇರೆಯೇ ಮನುಷ್ಯ. ಭಾರದ ಜಾಡಿ ಅವಳಿಗೆ ಎತ್ತಗೊಡುತ್ತಿರಲಿಲ್ಲ. ಮಧ್ಯಾಹ್ನ ಕೈ ಉಜ್ಜಿ ಉಜ್ಜಿ ತೊಳೆದು, ಹಿತ್ತಿಲ ಗೇರುಮರದ ಬದಿಯ ಛಾವಣಿಯಡಿ ಇಬ್ಬರೂ ಬುತ್ತಿ ಬಿಚ್ಚುತ್ತಿದ್ದರು. ಮುಚ್ಚಿಡುತ್ತಿದ್ದ ಇನ್ನೊಂದು ರೊಟ್ಟಿ ಯಾರದೆಂದು ಈಗ ನಂದಾಳಿಗೆ ತಿಳಿದಿತ್ತು.

ಓಣಿಯಲ್ಲಿ ಮಾತ್ರ ಅವನು ಪರಕೀಯ.

ಕೋಣೆಯ ನಡುವಿನ ಹಲಗೆಯ ಮೇಲೆ ಎರಡು ಜಾಡಿ ಜೊತೆಯಾಗಿ ಕೂತಿದ್ದವು. ಎರಡರಲ್ಲೂ ಮಿದುಳು. ಒಂದಕ್ಕೆ ನೀಲಿ ಚೀಟಿ, ಒಂದಕ್ಕೆ ಗುಲಾಬಿ.

"ಇದು ಗಂಡಸಿಂದು, ಇದು ಹೆಣ್ಣಿಂದು" ಎಂದ ಗುರುಲಿಂಗ, ತನ್ನದೇ ಸೊತ್ತು ತೋರಿಸುವವನಂತೆ. "ಹೊಸಾ ಹುಡುಗ್ರು ಮದಲ ಇಲ್ಲೇ ಬಂದು ನಿಂದರತಾರ. ನೋಡ್ರಿ, ಹೆಣ್ಣಿಂದಕ ಎಷ್ಟು ಸುತ್ತು! ಒಳಗೊಳಗ ಎಲ್ಲಾ ಮಡಚಿ ಮಡಚಿ ಇಟ್ಕೊಂಡಿರತೈತಿ. ಹೊರಗ ಒಂದೂ ಗೊತ್ತಾಗಂಗಿಲ್ಲ."

"ಮತ್ತ ಗಂಡಸಿಂದು?"

"ಸೀದಾ. ಇದ್ದದ್ದು ಇದ್ದಂಗ."

"ಹೌದೌದು, ನಳದ ಹತ್ರ ನೋಡೀನಲ್ಲ ಸೀದಾ ಇದ್ದದ್ದು!"

ಚುರುಕು ತಾಗಿ ಅವನ ಮುಖ ಕೆಂಪಾಯಿತು. "ತಮಾಷಿ ಅಲ್ರಿ. ಚೀಟಿ ಮುಚ್ಚಿ ಕೊಟ್ರೂ ಯಾವುದು ಯಾರದಂತ ಹೇಳತೀನಿ ನಾ."

"ಪಣಾ?"

"ಪಣಾ!"

"ಸೋತವ್ರು ನಾಲ್ಕು ಮಂದಿ ಮುಂದ ಒಂದು ಖರೇ ಮಾತು ಹೇಳಬೇಕು. ಗೆದ್ದವ್ರು ಕೇಳಿದ್ದು."

"ಆತು ಬಿಡ್ರಿ."

ನಂದಾ ಸೆರಗು ತಂದು ಚೀಟಿ ಮುಚ್ಚಲು ಹೋದಾಗ ಮೇಲಿನಿಂದ ಯಾರೋ ಅವನನ್ನು ಕೂಗಿದರು. ಪಣ ಹಾಗೆಯೇ ಉಳಿಯಿತು.

ಪಂಚಮಿ ಹತ್ತಿರ ಬಂತು. ಒಂದು ಮಧ್ಯಾಹ್ನ ಅವನು ರೊಟ್ಟಿಯನ್ನು ಮುರಿಯದೆ ಕೈಯಲ್ಲೇ ಹಿಡಿದು ಕೂತಿದ್ದ.

"ನಾಳೆ ಊರಿಗೆ ಹೊಂಟೀನ್ರಿ. ಅವ್ವ ಒಂದು ಹುಡುಗಿ ನೋಡ್ಯಾಳಂತ."

ಗೇರುಮರದಿಂದ ನೀರು ತೊಟ್ಟಿಕ್ಕುತ್ತಿತ್ತು. ನಂದಾಳಿಗೆ ಆ ಸದ್ದೊಂದೇ ಕೇಳಿಸಿತು.

*ಬ್ಯಾಡ ಅನ್ನಲೇನು? ಅನ್ನಾಕ ನಾ ಯಾರು? ಮನಸಿದ್ದ ಗಂಡಸು ನೇರ ಕೇಳತಾನ. ಇವನು ಕೇಳಿಲ್ಲ. ಅಂದ್ರ ಮನಸಿಲ್ಲ... ಅಷ್ಟ.*

"ಚಲೋ ಆತು" ಎಂದಳು.

ಗುರುಲಿಂಗ ಅವಳ ಮುಖವನ್ನು ಒಂದು ಗಳಿಗೆ ಹುಡುಕಿದ. ಅವನ ತಲೆಯೊಳಗೂ ಅಂಥದೇ ಲೆಕ್ಕ ನಡೆದಿತ್ತು. *ಮನಸಿದ್ದ ಹೆಣ್ಣು ಕಣ್ಣಾಗಾದ್ರೂ ಒಂದು ಗುರುತು ತೋರಸತೈತಿ. ಈಕಿ ಚಲೋ ಆತು ಅಂದ್ಳು... ಮುಗೀತು.*

ಇಬ್ಬರೂ ಬುತ್ತಿ ಕಟ್ಟಿಕೊಂಡು ಎದ್ದರು.

ಅವನಿಲ್ಲದ ಕೋಣೆ ಮಣಭಾರವಾಯಿತು. ಹಬ್ಬದ ಹಿಂದಿನ ದಿನ. ಅವಳ ಊರಿನಲ್ಲಾದರೆ ಈ ಹೊತ್ತಿಗೆ ಹೆಂಗಸರು ಮನೆಯ ಪಾತ್ರೆ ಪಡಗ ಎಲ್ಲ ಅಂಗಳಕ್ಕೆ ಹೊತ್ತು ಹಾಕಿ, ಬೂದಿ ಹುಣಸೆಹಣ್ಣು ಹಚ್ಚಿ ಬೆಳಗಿ, ಉಂಡಿ ಕಟ್ಟಲು ಕೂಡುತ್ತಿದ್ದರು. ತವರಿಗೆ ಬಂದವರ ಗದ್ದಲ, ಜೋಕಾಲಿಯ ಕೇಕೆ...

ನಂದಾಳಿಗೆ ಬೆಳಗಲು ಒಂದು ತವೆ, ಎರಡು ಗಂಗಾಳ. ಉಂಡಿ ಯಾರಿಗೆ ಕಟ್ಟುವುದು?

ಜಾಡಿಗಳ ಮೇಲೆ ಮಳೆಗಾಲದ ಬೂಸರು ಹಬ್ಬಿತ್ತು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕಿತ್ತು. ಆದರೆ ಕೈ ಸುಮ್ಮನಿರಲಿಲ್ಲ. ಬಿಸಿನೀರಿಗೆ ಸೋಡಾ ಪುಡಿ ಕಲಸಿದಳು, ತೆಂಗಿನ ನಾರು ಹಿಡಿದಳು. ಹಬ್ಬದ ಪಾತ್ರೆ ಬೆಳಗುವಂತೆ ಹಲಗೆಯಿಂದ ಹಲಗೆಗೆ ಜಾಡಿಗಳನ್ನು ತಿಕ್ಕುತ್ತ ಹೋದಳು. ಅಳುತ್ತಲೇ ತಿಕ್ಕಿದಳು. ಕೇಳುವವರಿರಲಿಲ್ಲ. ಕೇಳಿದರೆ, ಔಷಧಿ ಖಾರ ಅಂದರಾಯಿತು.

ಸಂಜೆಗೆ ಜಾಡಿಗಳು ಫಳಫಳ ಹೊಳೆದವು. ಆಗ ಅವಳು ನೆಲ ನೋಡಿದಳು.

ನೀರಿನಲ್ಲಿ ಚೀಟಿಗಳು ತೇಲುತ್ತಿದ್ದವು! ಅಕ್ಷರ ಕರಗಿ, ಕಾಗದ ಮುದ್ದೆಯಾಗಿ...

ಬಗ್ಗಿ ಮುದ್ದೆಗಳನ್ನು ಬಿಡಿಸಿ ನೋಡಿದಳು. ಹೃದಯ, ಕರುಳು, ಕೈ ಇವನ್ನು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ನಡುವಿನ ಹಲಗೆಯ ಆ ಎರಡು ಜಾಡಿ? ತೊಳೆಯುವ ಭರದಲ್ಲಿ ಯಾವುದನ್ನು ಎಡಕ್ಕೆ ಇಟ್ಟಳೋ, ಯಾವುದನ್ನು ಬಲಕ್ಕೋ! ಎಷ್ಟು ನೋಡಿದರೂ ಎರಡೂ ಒಂದೇ ಥರ. ಅದೇ ಬೂದು ಬಣ್ಣ, ಅವೇ ಸುತ್ತುಗಳು.

ಗುರುಲಿಂಗ ಬಂದ ದಿನ ಅವಳು ನಮಸ್ಕಾರವನ್ನೂ ಹೇಳಲಿಲ್ಲ. ಅವನ ಕೈ ಹಿಡಿದು ನಡುವಿನ ಹಲಗೆಯ ಮುಂದೆ ನಿಲ್ಲಿಸಿದಳು. ಕೈ ಹಿಡಿದದ್ದು ಅವಳಿಗೆ ಆಮೇಲೆ ತಿಳಿಯಿತು. ಥಟ್ಟನೆ ಬಿಟ್ಟಳು.

"ಚೀಟಿ ನೋಡದ ಹೇಳತೀನಿ ಅಂದಿದ್ರಿ. ಈಗ ಹೇಳ್ರಿ! ನನ್ನ ಕೆಲಸ ನಿಮ್ಮ ಬಾಯಾಗ ಐತಿ."

ಅವನು ಬಗ್ಗಿ ನೋಡಿದ. ಕಿಟಕಿಯ ಬೆಳಕಿಗೆ ಎತ್ತಿ ನೋಡಿದ. ಒಂದನ್ನು ಇಟ್ಟು ಇನ್ನೊಂದನ್ನು ಎತ್ತಿದ. ಮತ್ತೆ ಮೊದಲಿನದನ್ನೇ ಎತ್ತಿದ.

"ಇದು ಹೆಣ್ಣಿಂದು... ತಡೀರಿ, ಇದು... ಸುತ್ತು ಇದರಾಗ... ಅಲ್ಲ, ಇದರಾಗೂ ಅಷ್ಟ ಅದಾವ!"

"ನಾಲ್ಕು ವರ್ಷದಿಂದ ನೋಡಾಕತ್ತೀರಿ!"

"ನಾಲ್ಕು ವರ್ಷ ಬರೇ ಚೀಟಿ ನೋಡೀನಿ ಅಂತ ಕಾಣತೈತ್ರಿ ನಾನು..."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮೇಡಂ ಅವರ ಚಪ್ಪಲಿಯ ಸದ್ದು. ಕೂದಲು ನರೆತ, ಹೆಚ್ಚು ಮಾತಾಡದ ಗೋವೆಯ ಹೆಂಗಸು. ಈ ಕೋಣೆಗೆಲ್ಲ ಅವರೇ ಒಡತಿ.

ಬೋಳು ಜಾಡಿಗಳನ್ನು ನೋಡಿ ಅವರು ನಿಂತರು. "ಕೊಣೆಂ ಕೆಲೆಂ ಹೆಂ?" ಯಾರು ಮಾಡಿದ್ದು ಇದು ಎಂದು ಕೊಂಕಣಿಯಲ್ಲಿ ಕೇಳಿದರು.

"ನಾನು!"

ಎರಡು ದನಿ ಒಟ್ಟಿಗೇ ಬಂದವು. ನಂದಾ ಬೆರಗಾಗಿ ಗುರುಲಿಂಗನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಅವ್ರು ಊರಿಗೆ ಹೋಗಿದ್ರು ಮೇಡಂ. ತೊಳೆದಾಕಿ ನಾನ" ಎಂದಳು ನಂದಾ.

ಮೇಡಂ ಇಬ್ಬರನ್ನೂ ಒಮ್ಮೆ ನೋಡಿ, ಕನ್ನಡಕ ಏರಿಸಿಕೊಂಡು ಎರಡು ಜಾಡಿಯ ಮುಂದೆ ಬಹಳ ಹೊತ್ತು ನಿಂತರು. ಮೆಲ್ಲಗೆ ನಕ್ಕರು. ಅವರು ಕೊಂಕಣಿಯಲ್ಲಿ ಹೇಳಿದ್ದು ಇಷ್ಟು:

"ನನಗೂ ಹೇಳಲು ಬರುವುದಿಲ್ಲ. ಸಾವಿರ ಜನರದು ತೂಗಿದರೆ ಗಂಡಸರದು ಸ್ವಲ್ಪ ದೊಡ್ಡದು ಬರುತ್ತದೆ. ಆದರೆ ಗಂಡಸರಿಗಿಂತ ದೊಡ್ಡದಿರುವ ಹೆಂಗಸರೂ ಬೇಕಾದಷ್ಟು. ಉಳಿದ ಭೇದಗಳ ಬಗ್ಗೆ ಪಂಡಿತರು ಇನ್ನೂ ಜಗಳಾಡುತ್ತಿದ್ದಾರೆ. ಭೇದ ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. ಒಂದನ್ನು ಕೈಗೆ ಕೊಟ್ಟು ಇದು ಯಾರದು ಅಂತ ಕೇಳಿದರೆ ಮಾತ್ರ, ಬರಿಗಣ್ಣಿನಿಂದ ಹೇಳುವುದು ನನ್ನಿಂದಾಗದು."

"ಮತ್ತ ಈಗ, ಮೇಡಂ?"

"ಎರಡಕ್ಕೂ ಮಿದುಳು ಅಂತ ಬರೆದು ಅಂಟಿಸಿ. ಇನ್ನು ಮೇಲೆ ನಾರು ಹಿಡಿಯಬೇಡ. ಒದ್ದೆ ಬಟ್ಟೆ ಸಾಕು."

ಅವರು ಹೊರಟುಹೋದ ಮೇಲೆ ನಂದಾ ಉಸಿರು ಬಿಟ್ಟಳು. ನಗು ಬಂತು, ಅಳು ಬಂತು.

"ಪಣಾ ಸೋತ್ರಿ ನೀವು."

"ಸೋತೆ."

"ಇವತ್ತು ಸಂಜಿಗೆ ನಳದ ಹತ್ರ, ನಾಲ್ಕು ಮಂದಿ ಮುಂದ ನನ್ನ ಹೆಸರು ಹಿಡಿದು ಮಾತಾಡಸ್ರಿ. ಈಕಿ ನನಗ ಗುರುತು ಅದಾಳ ಅನ್ರಿ. ಅಷ್ಟ... ಬ್ಯಾರೆ ಏನೂ ಬ್ಯಾಡ."

ಅವನು ತಲೆಯಾಡಿಸಿದ. ಅವನ ಮುಖ ಯಾಕೋ ಬಿಳಿಚಿಕೊಂಡಿದ್ದನ್ನು ಅವಳು ಗಮನಿಸಲಿಲ್ಲ.

ಸಂಜೆ ಅವಳು ತಲೆ ಬಾಚಿಕೊಂಡು, ಕೊಡ ತೊಳೆದುಕೊಂಡು ಹೋದಳು. ಎಂದಿನಂತೆ ಸಾಲಿನ ಕೊನೆ.

ಗುರುಲಿಂಗ ಬಂದ. ಅವನ ಪಕ್ಕದಲ್ಲಿ ಇಳಕಲ್ ಸೀರೆಯ ವಯಸ್ಸಾದ ಹೆಂಗಸು. ಊರಿನಿಂದ ಮಗನ ಜೊತೆ ಬಂದ ತಾಯಿ ಸತ್ಯವ್ವ.

"ಯಾರವಾ ಆ ಹುಡುಗಿ, ದೂರ ನಿಂತಾಳ?" ಸತ್ಯವ್ವ ಕೇಳಿದಳು.

"ಹೆಣದ ಕೋಣ್ಯಾಗ ಕೆಲಸ ಮಾಡ್ತಾಳ ಯಕ್ಕಾ. ನಿಮ್ಮ ಮಗನ ಕಾಲೇಜಿನ್ಯಾಗ ಐತಿ. ಅಂವಗ ಗೊತ್ತಿರಬೇಕು ನೋಡ್ರಿ!" ಭೂರಿಬಾಯಿ ಹೇಳಿದಳು.

ಎಲ್ಲರೂ ಗುರುಲಿಂಗನ ಕಡೆ ತಿರುಗಿದರು. ನಂದಾ ಒಂದು ಹೆಜ್ಜೆ ಮುಂದಿಟ್ಟಳು. ಅವನ ತುಟಿ ಅಲುಗಿತು...

"ಕಾಲೇಜು ದೊಡ್ಡದೈತಿ" ಎಂದ. ಕೊಡ ಹೊತ್ತ. ನಡೆದ.

ಎಲ್ಲರೂ ಹೋದ ಮೇಲೆ ಅವಳ ಸರದಿ. ನೀರು ಕೊಡ ತುಂಬಿ ಹರಿದುಹೋಗುತ್ತಿತ್ತು. ನಳ ನಿಲ್ಲಿಸಬೇಕೆಂದು ನಂದಾಳಿಗೆ ತಿಳಿಯಲೇ ಇಲ್ಲ.

ಆಮೇಲೆ ಅವಳು ಮಾತು ನಿಲ್ಲಿಸಿದಳು. ರೊಟ್ಟಿ ಒಂದೇ ಬಡಿದಳು. ಗೇರುಮರದ ಬದಿಗೆ ಹೋಗಲಿಲ್ಲ. ಜಾಡಿಗಳ ನಡುವೆ ಕೂತು ಉಂಡಳು. ಅವನು ಹತ್ತಿರ ಬಂದರೆ ಬಕೀಟು ಎತ್ತಿಕೊಂಡು ಆ ಮೂಲೆಗೆ ಹೋದಳು.

"ನಂದಾ, ಒಂದು ಮಾತು..."

"ನಿಮ್ಮ ಮಾತು ಬಾಕಿ ಐತ್ರಿ. ಅದನ್ನ ಮದಲ ತೀರಸ್ರಿ. ಬಾಕಿ ಇಟ್ಕೊಂಡವ್ರ ಹೊಸಾ ಮಾತು ನನಗ ಬ್ಯಾಡ."

ಶ್ರಾವಣ ಹಾಗೆಯೇ ಸವೆಯುತ್ತ ಬಂತು. ಹೊಸ ಚೀಟಿ ಅಂಟಿಸಿಕೊಂಡ ಎರಡು ಜಾಡಿಗಳ ಮುಂದೆ ಅವಳು ಕೆಲವೊಮ್ಮೆ ಸುಮ್ಮನೆ ನಿಲ್ಲುತ್ತಿದ್ದಳು. ಇವುಗಳಲ್ಲೊಂದು ಯಾರನ್ನೋ ನೆನೆದು ನೆನೆದು ದಣಿದಿರಬೇಕು. ಯಾವುದು? ಗಾಜಿನ ಆಚೆಯಿಂದ ಉತ್ತರ ಬರುತ್ತಿರಲಿಲ್ಲ.

ಶ್ರಾವಣದ ಕೊನೆಯ ಸೋಮವಾರ ಮಳೆ ಹೊಳವಾಯಿತು. ಬೆಳಗಿನ ಬಿಸಿಲು ನಳದ ಕಲ್ಲಿನ ಮೇಲೆ ಬಿದ್ದಿತ್ತು. ಸಾಲು ಉದ್ದವಿತ್ತು. ಭೂರಿಬಾಯಿಯ ಹಿಂದೆ ಸತ್ಯವ್ವ, ಎಲ್ಲರ ಹಿಂದೆ, ದೂರ, ನಂದಾ.

ಗುರುಲಿಂಗ ಮೇಲಿನ ಸಾಲಿನಿಂದ ಇಳಿದು ಬಂದ. ಅವನ ಕೈಯಲ್ಲಿ ಕೊಡ ಇರಲಿಲ್ಲ. ನೇರ ಕೊನೆಗೆ ನಡೆದ. ಬಗ್ಗಿ ನಂದಾಳ ಕೊಡ ಎತ್ತಿಕೊಂಡ. ಸಾಲಿನ ಪಕ್ಕದಿಂದ ಮುಂದಕ್ಕೆ ಬಂದು, ತಾಯಿಯ ಕೊಡದ ಮಗ್ಗುಲಲ್ಲೇ ಇಟ್ಟ.

"ಏ ತಮ್ಮಾ, ಅದು ಆಕೀದು!" ಭೂರಿಬಾಯಿ ಕೂಗಿದಳು.

"ಗೊತ್ತೈತಿ ಯಕ್ಕಾ. ಆಕಿ ಹೆಸರು ನಂದಾ. ನನಗ ಭಾಳ ಗುರುತು ಅದಾಳ." ಇಡೀ ಸಾಲಿಗೆ ಕೇಳುವಂತೆ ದನಿ ಏರಿಸಿದ. "ಆಕಿ ಹೆಣದ ಕೋಣಿ ಕಸಾ ಹೊಡಿತಾಳ. ಹೆಣಾ ಎತ್ತಿ ಇಡಾಂವ ನಾನು. ನಾಲ್ಕು ವರ್ಷಾತು. ನಾ ಪ್ಯೂನ್ ಅಲ್ಲ. ದೂರ ಸರಸೂದಿದ್ರ ಮದಲ ನಮ್ಮ ಕೊಡಾ ದೂರ ಸರಸ್ರಿ."

ಭೂರಿಬಾಯಿ ತೆರೆದ ಬಾಯಿ ಮುಚ್ಚಲಿಲ್ಲ.

ಅವನು ತಾಯಿಯ ಕಡೆ ತಿರುಗಿದ. "ಅವ್ವಾ... ಊರಾಗ ನೀ ನೋಡಿದ ಹುಡುಗಿ ಬ್ಯಾಡ ಅಂದೆ, ಯಾಕಂತ ಕೇಳಿದಿ. ಬಾಯಿ ಬರಲಿಲ್ಲ. ಈಕಿ ಸಲುವಾಗಿ."

ಸತ್ಯವ್ವ ಮಗನನ್ನು ನೋಡಿದಳು. ಅವನ ಕೈಗಳನ್ನು ನೋಡಿದಳು.

"ಇಷ್ಟು ವರ್ಷ ನನ್ನ ಮುಂದ ಸುಳ್ಳು ಹೇಳಿದಿ" ಎಂದಳು ಮುದುಕಿ. "ಅದಕ ನಿನಗ ಮನ್ಯಾಗ ಐತಿ." ಆಮೇಲೆ ಸುಕ್ಕುಗಟ್ಟಿದ ತನ್ನ ಅಂಗೈ ನೋಡಿಕೊಂಡಳು. "ನಿಮ್ಮಪ್ಪ ಸತ್ತಾಗ ಇದ ಕೈಲೆ ನೀರ ಎರದು, ಒರಸಿ, ವಿಭೂತಿ ಹಚ್ಚಿ ಕಳಸೀನಿ. ಮರುದಿನ ಇದ ಕೈಲೆ ನಿನಗ ರೊಟ್ಟಿ ಬಡದು ಹಾಕಿದೆ. ಹೆಣಾ ಮುಟ್ಟದ ಕೈ ಯಾವುದೈತೋ ಈ ಸಾಲಿನ್ಯಾಗ?"

ಅವಳು ನಂದಾಳ ಕೊಡವನ್ನು ನಳದ ಬಾಯಿಗೆ ಒತ್ತಿ ಇಟ್ಟಳು. "ಬಾ ಯವ್ವಾ. ನೀರು ಹೋಗಿಬಿಡತಾವ, ಬೇಗ ತುಂಬಕೋ."

ಭೂರಿಬಾಯಿ ಗೊಣಗುತ್ತ, ಜಾಗ ಬಿಡಲು ತನ್ನ ಕೊಡ ಒಂದಿಷ್ಟು ಸರಿಸಿದಳು. ಎರಡು ಗೇಣು, ಅಷ್ಟೇ. ಎಲ್ಲವೂ ಒಂದೇ ದಿನಕ್ಕೆ ಬದಲಾಗುವುದಿಲ್ಲ.

ತುಂಬಿದ ಕೊಡ ಹೊತ್ತು ಗುರುಲಿಂಗ ಮುಂದೆ, ನಂದಾ ಹಿಂದೆ. ಅವಳ ಕೋಣೆಯ ಬಾಗಿಲಲ್ಲಿ ಅವನು ಕೊಡ ಇಳಿಸಿದ.

"ನನ್ನ ಬಾಕಿ ತೀರಿತೇನು?"

"ಭಾಳ ತಡಾ ಮಾಡಿದ್ರಿ."

"ಹೂಂ... ನೀ 'ಚಲೋ ಆತು' ಅಂದ್ಯಲ್ಲ, ನಿನಗ ಮನಸಿಲ್ಲ ಅನಕೊಂಡೆ. ಹೆಣ್ಣಿನ ತಲಿ ಬ್ಯಾರೆ, ಅದರ ಒಳಗಿಂದು ನನಗೆಲ್ಲಿ ತಿಳಿಬೇಕು ಅಂತ..."

"ನೀವು ಕೇಳಲಿಲ್ಲ. ಗಂಡಸಿನ ತಲಿ ಬ್ಯಾರೆ, ಮನಸಿದ್ರ ಕೇಳೇ ಕೇಳತಾನ ಅಂತ ನಾ."

"ನನಗ ಅಂಜಿಕಿ ಇತ್ತು ನಂದಾ."

"ನನಗೇನು ಇರಲಿಲ್ಲೇನು?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನು ಮೊದಲು ನಕ್ಕ.

"ಹಂಗಾರ ಮೇಡಂ ಹೇಳಿದ್ದ ಖರೇ. ಚೀಟಿ ತಗದ್ರ ಗುರುತ ಸಿಗಂಗಿಲ್ಲ."

ಅವಳಿಗೂ ನಗು ಬಂತು. ನಗುತ್ತಿದ್ದಂತೆಯೇ ಕಣ್ಣು ತುಂಬಿ, ಕೆನ್ನೆಯ ಮೇಲೆ ಇಳಿಯಿತು. ಸೆರಗಿನಿಂದ ಒರೆಸಿಕೊಳ್ಳಲು ಹೋದಳು.

"ಯಾಕ? ಇಲ್ಲೇನು ಔಷಧಿ ಇಲ್ಲಲ್ಲ."

"ಇಲ್ಲ" ಎಂದಳು ನಂದಾ. ಒರೆಸದೆ ಸೆರಗು ಬಿಟ್ಟಳು. "ಇವು ನನ್ನವ. ಅವತ್ತೂ ನನ್ನವ ಇದ್ದೂ... ಬರ್ರಿ ಒಳಗ. ಎರಡು ರೊಟ್ಟಿ ಬಡಿತೀನಿ."

"ಎರಡ?"

"ಅತ್ತೀನೂ ಕರೀರಿ. ನಾಲ್ಕು ಬಡಿತೀನಿ."